ಸಣ್ಣ ಮನೆಯಲ್ಲಿ ತೋಟೆ ತುಂಬುವ ಕೆಲಸ

ಈಡು ಹಾರಿದ ಮೇಲೆ ತೋಟೆಯಲ್ಲಿ ಉಳಿಯುವುದು ಹಿತ್ತಾಳೆಯ ಕೇಸು ಮಾತ್ರ. ಗುಂಡು ಗುರಿಯತ್ತ ಹೋಗಿರುತ್ತದೆ, ಮದ್ದು ಉರಿದು ಅನಿಲವಾಗಿರುತ್ತದೆ, ಮದ್ದಿಗೆ ಕಿಡಿ ಕೊಟ್ಟ ಪ್ರೈಮರ್ ಸತ್ತುಹೋಗಿರುತ್ತದೆ. ಹಳೆಯ ಕೇಪಿನ ಕೋವಿಯಲ್ಲಿ ಕೇಪು ಮಾಡುತ್ತಿದ್ದ ಕೆಲಸವನ್ನೇ ತೋಟೆಯ ಬುಡದಲ್ಲಿ ಪ್ರೈಮರ್ ಮಾಡುತ್ತದೆ. ಈ ನಾಲ್ಕು ಭಾಗಗಳಲ್ಲಿ ಸಾಮಾನ್ಯವಾಗಿ ಹೆಚ್ಚು ಬೆಲೆಯದು ಕೇಸೇ. ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು ಬೆರೆತ ಈ ಹಿತ್ತಾಳೆ ಮದ್ದಿನ ಒತ್ತಡಕ್ಕೆ ಉಬ್ಬಿ ನಳಿಗೆಯ ಗೋಡೆಗೆ ಒತ್ತಿಕೊಳ್ಳುತ್ತದೆ, ಒತ್ತಡ ಇಳಿದ ಕೂಡಲೇ ತುಸು ಕುಗ್ಗಿ ಸಡಿಲವಾಗುತ್ತದೆ. ಹಾಗೆ ಹೊರಬಿದ್ದ ಕೇಸನ್ನು ಮೊದಲಿನ ಅಳತೆಗೆ ತಂದು ಹೊಸ ಪ್ರೈಮರ್, ಮದ್ದು, ಗುಂಡು ಸೇರಿಸಿ ಮತ್ತೆ ಬಳಸುವುದೇ ರೀಲೋಡಿಂಗ್. ಅಮೆರಿಕದ ಗುರಿಕಾರರಲ್ಲಿ ಮತ್ತು ಬೇಟೆಗಾರರಲ್ಲಿ ಇದು ಒಂದೂವರೆ ಶತಮಾನದ ರೂಢಿ.

ಎಲ್ಲ ತೋಟೆಗಳೂ ಮತ್ತೆ ತುಂಬಲು ಬರುವುದಿಲ್ಲ. .22 ರಿಮ್‌ಫೈರ್ ತೋಟೆಯಲ್ಲಿ ಕಿಡಿ ಹೊತ್ತಿಸುವ ರಾಸಾಯನಿಕ ಕೇಸಿನ ಅಂಚಿನ ಒಳಮಡಿಕೆಯಲ್ಲೇ ಇರುವುದರಿಂದ ಒಮ್ಮೆ ಹಾರಿಸಿದರೆ ಅದರ ಕಥೆ ಮುಗಿಯಿತು. ಉಕ್ಕಿನ ಮತ್ತು ಅಲ್ಯೂಮಿನಿಯಂ ಕೇಸುಗಳನ್ನೂ ಹೊಸಬರು ಮುಟ್ಟಬಾರದು. ಬುಡದ ನಡುವೆ ಪ್ರೈಮರ್ ಇರುವ ಹಿತ್ತಾಳೆ ಕೇಸುಗಳಲ್ಲೂ ಎರಡು ಜಾತಿ. 1860ರ ದಶಕದಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಬಾಕ್ಸರ್ ರೂಪಿಸಿದ ಬಗೆಯಲ್ಲಿ ಒಳಗೆ ಕಿಡಿ ಹಾಯಲು ನಟ್ಟನಡುವೆ ಒಂದೇ ತೂತು ಇರುತ್ತದೆ. ಅಮೆರಿಕದ ಹೈರಮ್ ಬರ್ಡನ್ ರೂಪಿಸಿದ ಬಗೆಯಲ್ಲಿ ಪಕ್ಕಕ್ಕೆ ಸರಿದ ಎರಡು ತೂತುಗಳಿರುತ್ತವೆ. ಕೇಸನ್ನು ಅಳತೆಗೆ ತರುವ ಅಚ್ಚಾದ ಡೈಯೊಳಗಿನ ಕಡ್ಡಿ ನಡುವಿನ ತೂತಿನಲ್ಲಿ ಇಳಿದು ಸತ್ತ ಪ್ರೈಮರನ್ನು ಹೊರದಬ್ಬಬೇಕಾದ್ದರಿಂದ ಬಾಕ್ಸರ್ ಕೇಸು ಸಲೀಸು. ಅಮೆರಿಕದ ಕಾರ್ಖಾನೆಗಳು ಬಳಸುವುದು ಬಹುತೇಕ ಇದನ್ನೇ. ಅಲ್ಲಿ ಮನೆಮನೆಯ ರೀಲೋಡಿಂಗ್ ಬೆಳೆದದ್ದಕ್ಕೆ ಇದೂ ಒಂದು ಕಾರಣ.

ಇದಕ್ಕೆ ದೊಡ್ಡ ಗ್ಯಾರೇಜು, ಉದ್ದನೆಯ ಬೆಂಚು, ಗೋಡೆ ತುಂಬ ಸಲಕರಣೆ ಬೇಕೆಂಬ ನಂಬಿಕೆ ಸಾಮಾನ್ಯ. ಕಸುಬಿನ ಇತಿಹಾಸ ಬೇರೆಯದನ್ನೇ ಹೇಳುತ್ತದೆ. 1884ರಲ್ಲಿ ಕನೆಕ್ಟಿಕಟ್‌ನ ನ್ಯೂಹೇವನ್‌ನಲ್ಲಿ ಜಾನ್ ಬಾರ್ಲೋ ಆರಂಭಿಸಿದ ಐಡಿಯಲ್ ಕಂಪನಿ ಇಕ್ಕಳದಂಥ ಕೈಸಾಧನ ಮಾಡಿ ಮಾರಿತು. ಕುದುರೆಯ ಜೀನಿನ ಚೀಲದಲ್ಲಿ ಹಿಡಿಸುತ್ತಿದ್ದ ಅದರಿಂದ ಬೇಟೆಗಾರರು ಬಿಡಾರದ ಬೆಂಕಿಯ ಬೆಳಕಿನಲ್ಲಿ ತೋಟೆ ತುಂಬಿಕೊಳ್ಳುತ್ತಿದ್ದರು. ಆ ಕಂಪನಿಯನ್ನು ಮುಂದೆ ಲೈಮನ್ ಕೊಂಡಿತು. ಎರಡನೇ ಮಹಾಯುದ್ಧದ ಕಾಲಕ್ಕೆ, 1943ರಲ್ಲಿ, ಕ್ಯಾಲಿಫೋರ್ನಿಯಾದ ಓರೊವಿಲ್‌ನ ಫ್ರೆಡ್ ಹಂಟಿಂಗ್ಟನ್ ತಂದೆಯ ಲಾಂಡ್ರಿಯ ಹಿಂಬದಿಯಲ್ಲಿ ಆರಂಭಿಸಿದ ಕೆಲಸ ಆರ್‌ಸಿಬಿಎಸ್ ಕಂಪನಿಯಾಯಿತು. ಗುಂಡಿನ ಹೊರಕವಚಕ್ಕೆ ತಾಮ್ರ ಸಿಗದಿದ್ದ ಆ ದಿನಗಳಲ್ಲಿ ಎಸೆದ .22 ಕೇಸುಗಳನ್ನೇ ಕವಚವಾಗಿಸುವ ಡೈಗಳನ್ನು ಅವರು ಮಾಡಿದರು. ಯುದ್ಧ ಮುಗಿದ ಮೇಲೆ ಕ್ಯಾನ್ಸಸ್‌ನ ಬ್ರೂಸ್ ಹಾಜ್‌ಡನ್ ಸೈನ್ಯದ ಮಿಗತೆ ಮದ್ದನ್ನು ಕೊಂಡು ಮಾರಿದಾಗ ಹವ್ಯಾಸ ಊರೂರಿಗೆ ಹಬ್ಬಿತು. 1958ರಲ್ಲಿ ವಿಸ್ಕಾನ್ಸಿನ್‌ನ ರಿಚರ್ಡ್ ಲೀ ತಂದ ಲೀ ಲೋಡರ್ ಸಣ್ಣ ಪೆಟ್ಟಿಗೆಯಲ್ಲಿ ಅಡಗುತ್ತಿತ್ತು. ಜಾಗ ಕಡಿಮೆ ಎಂಬುದು ಈ ಕೆಲಸಕ್ಕೆ ಎಂದೂ ದೊಡ್ಡ ತೊಡಕಾಗಿರಲಿಲ್ಲ. ಗಮನ ಕಡಿಮೆಯಾದಾಗಲೇ ತೊಡಕು.

ಮೊದಲ ತೀರ್ಮಾನ ಯಾವ ತೋಟೆಯಿಂದ ಆರಂಭಿಸಬೇಕು ಎಂಬುದು. ರೈಫಲ್ ತೋಟೆಗಳ ಕೇಸು ಬಹುಮಟ್ಟಿಗೆ ಬಾಟಲಿಯಂತೆ ಕುತ್ತಿಗೆ ಕಿರಿದಾಗಿರುತ್ತದೆ. ಅದನ್ನು ಡೈಯೊಳಗೆ ಒತ್ತುವ ಮುಂಚೆ ಮೈಗೆ ಜಾರೆಣ್ಣೆ ಸವರಬೇಕು, ಮರೆತರೆ ಕೇಸು ಡೈಯಲ್ಲೇ ಸಿಕ್ಕಿಕೊಳ್ಳುತ್ತದೆ. ಬಳಸಿದಂತೆಲ್ಲ ಅದರ ಉದ್ದ ಬೆಳೆಯುವುದರಿಂದ ಕತ್ತರಿಸಿ ಸಮ ಮಾಡಬೇಕು. ಅದಕ್ಕೆ ಬೇರೆ ಸಲಕರಣೆ, ಬೇರೆ ಜಾಗ. ಪಿಸ್ತೂಲು, ರಿವಾಲ್ವರುಗಳ ನೇರ ಗೋಡೆಯ ಕೇಸಿಗೆ ಟಂಗ್‌ಸ್ಟನ್ ಕಾರ್ಬೈಡ್ ಉಂಗುರವಿರುವ ಡೈ ಸಿಗುತ್ತದೆ. ಎಣ್ಣೆ ಬೇಡ, ಕತ್ತರಿಸುವುದೂ ಅಪರೂಪ. ಹಾಗಾಗಿ ಒಂದೇ ಕೋಣೆಯಲ್ಲಿ ಕೆಲಸ ಮಾಡುವವರಿಗೆ .38 ಸ್ಪೆಷಲ್‌ನಂಥ ರಿವಾಲ್ವರ್ ತೋಟೆ ಒಳ್ಳೆಯ ಮೊದಲ ಪಾಠ. ಖಾಲಿ ಕೇಸುಗಳು ನೆಲಕ್ಕೆ ಚೆಲ್ಲಾಡದೆ ರಿವಾಲ್ವರಿನಲ್ಲೇ ಉಳಿಯುತ್ತವೆ, ಹುಡುಕಿ ಆರಿಸುವ ಪಾಡೂ ಇಲ್ಲ. ಆದರೆ ಇದೇ ತೋಟೆಯಲ್ಲಿ ಒಂದು ದೊಡ್ಡ ಅಪಾಯವೂ ಅಡಗಿದೆ, ಅದು ಮುಂದೆ ಬರುತ್ತದೆ.

ಎರಡನೆಯದು ಕೇಸನ್ನು ಡೈಯೊಳಗೆ ಒತ್ತುವ ಪ್ರೆಸ್. ಒಂದು ಸಲಕ್ಕೆ ಒಂದೇ ಡೈ ಕೂರಿಸುವ ಸಿಂಗಲ್ ಸ್ಟೇಜ್, ನಾಲ್ಕೈದು ಡೈಗಳನ್ನು ತಿರುಗುವ ತಲೆಯಲ್ಲಿ ಹಿಡಿಯುವ ಟರೆಟ್, ಹಿಡಿಯನ್ನು ಒಮ್ಮೆ ಎಳೆದರೆ ಎಲ್ಲ ಹಂತಗಳೂ ಒಟ್ಟಿಗೆ ಸಾಗುವ ಪ್ರೋಗ್ರೆಸಿವ್ ಎಂದು ಮೂರು ಬಗೆ. ಪ್ರೋಗ್ರೆಸಿವ್ ಯಂತ್ರ ಗಂಟೆಗೆ ನೂರಾರು ತೋಟೆ ಕೊಡುತ್ತದೆ ನಿಜ. ಆದರೆ ಒಂದೇ ಹೊತ್ತಿಗೆ ನಾಲ್ಕೈದು ಕಡೆ ಕಣ್ಣಿಡುವ ಅಭ್ಯಾಸ ಹೊಸಬರಿಗೆ ಇರುವುದಿಲ್ಲ. ಮೊದಲ ಯಂತ್ರವಾಗಿ ಅದು ಬೇಡ. ಸಿಂಗಲ್ ಸ್ಟೇಜ್ ಪ್ರೆಸ್ಸನ್ನು ದಪ್ಪ ಹಲಗೆಯೊಂದಕ್ಕೆ ಬೋಲ್ಟ್ ಹಾಕಿ, ಹಲಗೆಯನ್ನು ಎರಡು ಸಿ-ಕ್ಲ್ಯಾಂಪುಗಳಿಂದ ಗಟ್ಟಿ ಮೇಜಿಗೆ ಬಿಗಿದರೆ ಸಾಕು. ಕೆಲಸ ಮುಗಿದ ಮೇಲೆ ಬಿಚ್ಚಿ ಕಪಾಟಿನಲ್ಲಿ ನಿಲ್ಲಿಸಿಡಬಹುದು. ಬಡಗಿಗಳು ಬಳಸುವ ಮಡಚುವ ಬೆಂಚೂ ಆದೀತು. ಮೇಜೇ ಇಲ್ಲದವರಿಗೆ ಎರಡೂ ಕೈಯಲ್ಲಿ ಹಿಡಿದು ಒತ್ತುವ ಹ್ಯಾಂಡ್ ಪ್ರೆಸ್ ಇದೆ. ಪಿಸ್ತೂಲಿನ ಕೇಸಿಗೆ ಅದರ ಬಲ ಸಾಕು, ರೈಫಲ್ ಕೇಸಿಗೆ ರಟ್ಟೆ ಸೋಲುತ್ತದೆ. ಲೀ ಲೋಡರ್ ಎಲ್ಲಕ್ಕಿಂತ ಚಿಕ್ಕದು, ಅಗ್ಗದ್ದು. ಅದನ್ನು ಸುತ್ತಿಗೆಯಿಂದ ಬಡಿದೇ ಕೆಲಸ ಮಾಡಬೇಕಾದ್ದರಿಂದ ಅಪಾರ್ಟ್‌ಮೆಂಟಿನ ಕೆಳಮನೆಯವರಿಗೆ ರಾತ್ರಿ ಹೊತ್ತು ಅದರ ಸದ್ದು ಸಹ್ಯವಾಗುವುದಿಲ್ಲ. ಪ್ರೈಮರ್ ಕೂರಿಸುವಾಗ ಏಟು ಹೆಚ್ಚಾದರೆ ಅದು ಅಲ್ಲೇ ಸಿಡಿಯುವುದೂ ಉಂಟು. ಯಾವ ಸಾಧನವಾದರೂ ಕಣ್ಣಿಗೆ ಕನ್ನಡಕ ಬೇಕೇ ಬೇಕು.

ಪ್ರೆಸ್ ಆದ ಮೇಲೆ ಡೈಗಳು, ಕೇಸಿನ ಬುಡ ಹಿಡಿಯುವ ಶೆಲ್ ಹೋಲ್ಡರ್, ತಕ್ಕಡಿ, ಕ್ಯಾಲಿಪರ್, 50 ಕುಳಿಗಳ ಲೋಡಿಂಗ್ ಬ್ಲಾಕ್. ಇವೆಲ್ಲಕ್ಕೂ ಮೊದಲು ಕೊಳ್ಳಬೇಕಾದದ್ದು ಲೋಡಿಂಗ್ ಕೈಪಿಡಿ. ಲೈಮನ್, ಹಾರ್ನಡಿ, ಸ್ಪಿಯರ್, ಸಿಯೆರಾ ಮುಂತಾದ ಕಂಪನಿಗಳು ಒತ್ತಡ ಅಳೆಯುವ ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿದ ಅಂಕಿಗಳನ್ನು ಅಚ್ಚು ಹಾಕುತ್ತವೆ. ಯಾವ ಗುಂಡಿಗೆ ಯಾವ ಮದ್ದು, ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ಎಂಬುದೆಲ್ಲ ಅಲ್ಲಿರುತ್ತದೆ. ಕನಿಷ್ಠದಿಂದ ಆರಂಭಿಸುವುದು ನಿಯಮ. ಗೆಳೆಯರು ಬಾಯಲ್ಲಿ ಹೇಳಿದ ಅಳತೆಗೆ ಇಲ್ಲಿ ಬೆಲೆಯಿಲ್ಲ.

ಮನೆಯಲ್ಲಿ ಜಾಗ ಆರಿಸುವಾಗ ಮೊದಲು ಬಿಡಬೇಕಾದದ್ದು ಅಡುಗೆಮನೆ. ಮುಖ್ಯ ಕಾರಣ ಸೀಸದ ಪುಡಿ, ಅದರ ವಿಚಾರ ಮುಂದೆ ಬರುತ್ತದೆ. ಅಮೆರಿಕದ ಹಲವು ಅಪಾರ್ಟ್‌ಮೆಂಟುಗಳಲ್ಲಿ ಸಾಮಾನು ತುಂಬಲು ಒದಗುವ ಮೂಲೆಯೆಂದರೆ ಬಿಸಿನೀರಿನ ಗ್ಯಾಸ್ ಹೀಟರ್ ಇರುವ ಗೂಡು. ಪುಟ್ಟ ಜ್ವಾಲೆ ಉರಿಯುತ್ತಿರುವ ಆ ಗೂಡಿನಲ್ಲಿ ಮದ್ದಿನ ಡಬ್ಬಿ ಇಡಲೇಕೂಡದು. ಕಾರ್ಪೆಟ್ ಹಾಸಿದ ಕೋಣೆಯೂ ಒಳ್ಳೆಯದಲ್ಲ. ಕೆಳಗೆ ಬಿದ್ದ ಪ್ರೈಮರ್ ಎಳೆಗಳಲ್ಲಿ ಸೇರಿಕೊಂಡು ಮುಂದೊಂದು ದಿನ ವ್ಯಾಕ್ಯೂಮ್ ಕ್ಲೀನರಿನೊಳಗೆ ಸಿಡಿದೀತು. ಬೇರೆ ಕೋಣೆ ಇಲ್ಲದಿದ್ದರೆ ಮೇಜಿನ ಕೆಳಗೆ ದಪ್ಪ ಪ್ಲಾಸ್ಟಿಕ್ ಚಾಪೆ ಹಾಸಬೇಕು. ಫ್ಯಾನು, ಏಸಿಗಳ ಗಾಳಿ ತಕ್ಕಡಿಯ ಮುಳ್ಳನ್ನು ಅಲ್ಲಾಡಿಸುತ್ತದೆ, ತೂಗುವಾಗ ಅವನ್ನು ನಿಲ್ಲಿಸಬೇಕು. ಟಿವಿ ಇರುವ ಕೋಣೆ, ಮಕ್ಕಳು ಓಡಾಡುವ ಹೊತ್ತು, ನಡುವೆ ಫೋನು, ಇವು ಮೂರೂ ಈ ಕೆಲಸಕ್ಕೆ ಹೊಂದುವುದಿಲ್ಲ.

ಸಣ್ಣ ಜಾಗದಲ್ಲಿ ಕೆಲಸವನ್ನು ಹಂತಹಂತವಾಗಿ ಒಡೆಯುವುದೇ ಸರಿಯಾದ ದಾರಿ. ನೂರು ಕೇಸುಗಳಿದ್ದರೆ ನೂರಕ್ಕೂ ಒಂದು ಹಂತ ಮುಗಿಸಿ, ಡಬ್ಬಿಗೆ ಹಾಕಿ, ಚೀಟಿ ಬರೆದಿಟ್ಟು, ಮುಂದಿನ ಹಂತವನ್ನು ಇನ್ನೊಂದು ಸಂಜೆ ಮಾಡಬಹುದು. ಒಂದು ಹಂತಕ್ಕೆ ಬೇಕಾದ ಸಲಕರಣೆ ಮಾತ್ರ ಮೇಜಿನ ಮೇಲಿದ್ದರೆ ಸಾಕು. ಕೊನೆಯ ಎರಡು ಹಂತಗಳನ್ನು, ಅಂದರೆ ಮದ್ದು ಹಾಕುವುದು ಮತ್ತು ಗುಂಡು ಕೂರಿಸುವುದನ್ನು, ಮಾತ್ರ ಒಂದೇ ಸಲಕ್ಕೆ ಕೂತು ಮುಗಿಸಬೇಕು. ಮದ್ದು ತುಂಬಿದ ಕೇಸನ್ನು ಬಾಯಿ ತೆರೆದಂತೆ ಬಿಟ್ಟು ಏಳಬಾರದು.

ಮೊದಲು ಕೇಸುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಬೇಕು. ಬಾಯಿಯಲ್ಲಿ ಕೂದಲೆಳೆಯ ಸೀಳಿದ್ದರೂ ಅದು ಗುಜರಿಗೆ. ಹಲವು ಸಲ ಬಳಸಿದ ರೈಫಲ್ ಕೇಸಿನ ಬುಡದ ಬಳಿ ಹೊಳೆಯುವ ಉಂಗುರ ಕಂಡರೆ ಅನುಮಾನಿಸಬೇಕು. ತುದಿ ಬಗ್ಗಿಸಿದ ಪೇಪರ್ ಕ್ಲಿಪ್ಪಿನ ತಂತಿಯನ್ನು ಒಳಗೋಡೆಗೆ ತಾಗಿಸಿ ಬುಡದಿಂದ ಮೇಲೆಳೆದಾಗ ತುದಿ ಒಂದು ಕಡೆ ಗಕ್ಕನೆ ತಡೆದರೆ ಅಲ್ಲಿ ಲೋಹ ತೆಳುವಾಗಿದೆ ಎಂದರ್ಥ. ಮುಂದಿನ ಈಡಿಗೆ ಆ ಕೇಸು ಎರಡು ತುಂಡಾಗಬಹುದು. ಉಳಿದವನ್ನು ತೊಳೆದು ಒಣಗಿಸಿ ಡೈಯೊಳಗೆ ಒತ್ತಿದರೆ ಕೇಸು ಅಳತೆಗೆ ಬರುತ್ತದೆ, ಹಳೆಯ ಪ್ರೈಮರೂ ಉದುರುತ್ತದೆ. ಹೊಸ ಪ್ರೈಮರ್ ಕೇಸಿನ ಬುಡಕ್ಕಿಂತ ಒಂದಿಷ್ಟು ಒಳಗೇ ಕೂರಬೇಕು. ಬೆರಳ ತುದಿ ಆಡಿಸಿದರೆ ಗೊತ್ತಾಗುತ್ತದೆ. ಉಬ್ಬು ತಾಗಿದರೆ ಕೂತಿಲ್ಲ. ಪಿಸ್ತೂಲು ಕೇಸಿನ ಬಾಯನ್ನು ಗುಂಡು ಹಿಡಿಸುವಷ್ಟು ಮಾತ್ರ ಅಗಲಿಸುವುದು ಮುಂದಿನ ಹಂತ.

ಇಡೀ ಕೆಲಸದ ಜೀವಾಳ ಮದ್ದು ಅಳೆಯುವುದರಲ್ಲಿದೆ. ಅಮೆರಿಕದಲ್ಲಿ ಮದ್ದನ್ನು ತೂಗುವುದು ಗ್ರೇನ್ ಲೆಕ್ಕದಲ್ಲಿ. ಒಂದು ಪೌಂಡಿಗೆ 7,000 ಗ್ರೇನ್, ಒಂದು ಗ್ರೇನಿಗೆ ಸುಮಾರು 65 ಮಿಲಿಗ್ರಾಂ. ಅಂದರೆ ಅಕ್ಕಸಾಲಿಗರ ಗುಲಗಂಜಿ ತೂಕದ ಅರ್ಧದಷ್ಟು. ತಕ್ಕಡಿ ಗ್ರೇನಿನ ಹತ್ತನೇ ಒಂದು ಭಾಗವನ್ನೂ ತೋರಿಸಬೇಕು. ಪ್ರತಿ ಸಲ ಆರಂಭಿಸುವಾಗ ತೂಕ ಗೊತ್ತಿರುವ ಕಲ್ಲನ್ನಿಟ್ಟು ಅದನ್ನು ಪರೀಕ್ಷಿಸಬೇಕು. ಗಾತ್ರದ ಅಳತೆಯಲ್ಲಿ ಮದ್ದು ಸುರಿಯುವ ಸಾಧನ ಬಳಸುವವರು ಹತ್ತು ಕೇಸಿಗೊಮ್ಮೆಯಾದರೂ ತೂಗಿ ನೋಡುವುದು ವಾಡಿಕೆ. ಮೇಜಿನ ಮೇಲೆ ಒಂದೇ ಡಬ್ಬಿ ಮದ್ದು ಇರಬೇಕು. ಎರಡನೆಯದು ಬಂದ ಗಳಿಗೆಯಲ್ಲೇ ಅದಲುಬದಲಿಗೆ ದಾರಿಯಾಗುತ್ತದೆ. ಬಣ್ಣ, ಕಾಳಿನ ಆಕಾರ ನೋಡಿ ಮದ್ದನ್ನು ಗುರುತಿಸುವುದು ಪಳಗಿದವರಿಂದಲೂ ಸಾಧ್ಯವಿಲ್ಲ, ಏಕೆಂದರೆ ನೋಡಲು ಒಂದೇ ತೆರನಾದ ಎರಡು ಮದ್ದುಗಳು ಉರಿಯುವ ವೇಗದಲ್ಲಿ ಅಜಗಜಾಂತರವಿರಬಹುದು. ಯಾವುದೆಂದು ಖಾತ್ರಿಯಿಲ್ಲದ ಮದ್ದನ್ನು ಬಳಸದೆ ವಿಲೇವಾರಿ ಮಾಡಬೇಕು. ಕೆಲಸ ಮುಗಿದ ಕೂಡಲೇ ಉಳಿದದ್ದನ್ನು ಅದರದೇ ಡಬ್ಬಿಗೆ ಹಿಂದಿರುಗಿಸಬೇಕು. ನೈಟ್ರೋಗ್ಲಿಸರಿನ್ ಇರುವ ಮದ್ದು ರಾತ್ರಿಯಿಡೀ ಸುರಿಯುವ ಸಾಧನದ ಪ್ಲಾಸ್ಟಿಕ್ ಪಾತ್ರೆಯಲ್ಲಿ ಉಳಿದರೆ ಪ್ಲಾಸ್ಟಿಕ್ಕೇ ಮಬ್ಬಾಗಿ ಬಣ್ಣಗೆಡುತ್ತದೆ, ಬೆಳಗ್ಗೆ ಅದು ಯಾವ ಮದ್ದೆಂಬ ನೆನಪೂ ಮಬ್ಬಾಗಿರುತ್ತದೆ.

.38 ಸ್ಪೆಷಲ್‌ನ ಅಪಾಯ ಇಲ್ಲಿದೆ. ಆ ತೋಟೆ ಹುಟ್ಟಿದ್ದು 1898ರ ಸುಮಾರಿಗೆ, ಹೆಚ್ಚು ಜಾಗ ಬೇಡುವ ಕಪ್ಪು ಮದ್ದಿಗಾಗಿ. ಇಂದಿನ ಹೊಗೆರಹಿತ ಮದ್ದು ಅದರ ತಳದಲ್ಲಿ ಎಲ್ಲೋ ಒಂದಿಷ್ಟು ಕಾಣುತ್ತದೆ, ಕೇಸಿನ ಬಹುಭಾಗ ಬರಿದು. ಕಣ್ತಪ್ಪಿ ಅದೇ ಕೇಸಿಗೆ ಎರಡನೇ ಸಲ ಮದ್ದು ಬಿದ್ದರೂ ತುಳುಕುವುದಿಲ್ಲ, ಗುಂಡು ಸರಾಗವಾಗಿ ಕೂರುತ್ತದೆ, ಹೊರಗಿನಿಂದ ಯಾವ ಗುರುತೂ ಇರುವುದಿಲ್ಲ. ಈ ತೋಟೆಯ ಗರಿಷ್ಠ ಒತ್ತಡ ಚದರ ಇಂಚಿಗೆ 17,000 ಪೌಂಡ್ ಎಂದು ಅಮೆರಿಕದ ತಯಾರಕರ ಸಂಸ್ಥೆ ಸಾಮಿ ಗೊತ್ತುಮಾಡಿದೆ. ಎರಡು ಪಾಲು ಮದ್ದು ಉರಿದಾಗ ಒತ್ತಡ ಬರೀ ಎರಡು ಪಾಲಾಗುವುದಿಲ್ಲ, ಅದಕ್ಕಿಂತ ಕಡಿದಾಗಿ ಏರಿ ರಿವಾಲ್ವರಿನ ಸಿಲಿಂಡರನ್ನೇ ಸೀಳಬಲ್ಲದು. ಇದಕ್ಕೆ ಪರಿಹಾರ ಹಳೆಯ ಉಪಾಯವೇ. ಬರಿದಾದ ಕೇಸುಗಳನ್ನು ಎಡಕ್ಕೆ ಬಾಯಿ ಕೆಳಗಾಗಿ ನಿಲ್ಲಿಸಿ, ತುಂಬಿದವನ್ನು ಮಾತ್ರ ಲೋಡಿಂಗ್ ಬ್ಲಾಕಿನಲ್ಲಿ ಬಾಯಿ ಮೇಲಾಗಿ ಇಡಬೇಕು. ಐವತ್ತೂ ತುಂಬಿದ ಮೇಲೆ ಟಾರ್ಚು ಹಿಡಿದು ಸಾಲುಸಾಲಾಗಿ ಒಳಗಿಣುಕಬೇಕು. ಮದ್ದಿನ ಮಟ್ಟ ಎಲ್ಲದರಲ್ಲೂ ಸಮನಾಗಿ ಕಾಣಬೇಕು. ಒಂದು ಕೇಸು ತುಂಬಿ ಕಂಡರೂ, ಒಂದು ಬರಿದಾಗಿ ಕಂಡರೂ ಅಲ್ಲೇ ಸಿಕ್ಕಿಬೀಳುತ್ತದೆ. ಈ ಇಣುಕುನೋಟಕ್ಕೆ ಹಿಡಿಯುವುದು ಒಂದು ನಿಮಿಷ. ಇದನ್ನು ಬಿಡುವವರು ರೀಲೋಡಿಂಗ್ ಮಾಡಬಾರದು.

ಮದ್ದೇ ಬೀಳದ ಕೇಸೂ ಅಷ್ಟೇ ಕೆಟ್ಟದ್ದು. ಪ್ರೈಮರಿನ ಬಲವೊಂದರಿಂದಲೇ ಗುಂಡು ನಳಿಗೆಯ ನಡುವೆ ಹೋಗಿ ಕೂರುತ್ತದೆ. ಕೇಳುವುದು ಟಪ್ ಎಂಬ ಪೇಲವ ಸದ್ದು, ಕೈಗೆ ಒದೆತವೂ ಇರುವುದಿಲ್ಲ. ಗಮನಿಸದೆ ಇನ್ನೊಂದು ಹಾರಿಸಿದರೆ ನಳಿಗೆ ಉಬ್ಬುತ್ತದೆ ಇಲ್ಲವೇ ಬಿರಿಯುತ್ತದೆ. ಸದ್ದು ಎಂದಿನಂತಿಲ್ಲ ಎನಿಸಿದರೆ ಹಾರಿಸುವುದನ್ನು ನಿಲ್ಲಿಸಿ, ತೋಟೆಗಳನ್ನೆಲ್ಲ ತೆಗೆದು, ನಳಿಗೆ ಪರೀಕ್ಷಿಸಿದ ನಂತರವೇ ಮುಂದಿನ ಮಾತು.

ಗುಂಡು ಕೂರಿಸುವಾಗ ನೋಡಬೇಕಾದದ್ದು ತೋಟೆಯ ಒಟ್ಟು ಉದ್ದ. 9 ಎಂಎಂ ತೋಟೆಯ ಕೇಸು ಕೇವಲ 19 ಮಿಲಿಮೀಟರ್ ಉದ್ದದ್ದು, ಒಳಗಿನ ಜಾಗ ಅತ್ಯಲ್ಪ. ಗುಂಡು ಒಂದು ಮಿಲಿಮೀಟರ್ ಹೆಚ್ಚು ಇಳಿದರೂ ಒತ್ತಡ ಗಣನೀಯವಾಗಿ ಏರುತ್ತದೆ. ಕೈಪಿಡಿ ಹೇಳಿದ ಉದ್ದವನ್ನು ಕ್ಯಾಲಿಪರಿನಲ್ಲಿ ಅಳೆದು, ಅಗಲಿಸಿದ ಬಾಯನ್ನು ಮತ್ತೆ ಬಿಗಿದರೆ ತೋಟೆ ಸಿದ್ಧ. ಡಬ್ಬಿಯ ಮೇಲೆ ತಾರೀಖು, ಗುಂಡಿನ ತೂಕ, ಮದ್ದಿನ ಹೆಸರು ಮತ್ತು ಅಳತೆ, ಪ್ರೈಮರ್, ಕೇಸು ಎಷ್ಟನೇ ಸಲದ್ದು ಎಂಬುದನ್ನು ಬರೆದಿಡಬೇಕು.

ಹೊಗೆರಹಿತ ಮದ್ದು ಬಯಲಲ್ಲಿ ಹೊತ್ತಿಕೊಂಡರೆ ಜೋರಾಗಿ ಉರಿಯುತ್ತದೆ, ಬಿಗಿಯಾಗಿ ಮುಚ್ಚಿದ ಪಾತ್ರೆಯಲ್ಲಿದ್ದರೆ ಸಿಡಿಯುತ್ತದೆ. ಆದ್ದರಿಂದಲೇ ಅದನ್ನು ಉಕ್ಕಿನ ತಿಜೋರಿಯಲ್ಲಿ ಬೀಗ ಹಾಕಿಡುವುದು ತಪ್ಪು ಜಾಣತನ. ಕಂಪನಿಯ ಡಬ್ಬಿಯನ್ನು ಒತ್ತಡ ಬಂದರೆ ಸುಲಭವಾಗಿ ಬಾಯಿಬಿಡುವಂತೆಯೇ ಮಾಡಿರುತ್ತಾರೆ, ಮದ್ದು ಅದರಲ್ಲೇ ಇರಬೇಕು. ಅಮೆರಿಕದ ರಾಷ್ಟ್ರೀಯ ಅಗ್ನಿ ಸುರಕ್ಷಾ ಸಂಘದ 495ನೇ ಸಂಹಿತೆ ಮನೆಯಲ್ಲಿ ಮೂಲ ಡಬ್ಬಿಗಳಲ್ಲಿ 20 ಪೌಂಡ್, ಅಂದರೆ ಸುಮಾರು 9 ಕಿಲೋ ಮದ್ದು ಇಡಬಹುದು ಎನ್ನುತ್ತದೆ. ಅದಕ್ಕೂ ಹೆಚ್ಚು, 50 ಪೌಂಡಿನವರೆಗೆ ಇಡುವುದಾದರೆ ಒಂದಿಂಚು ದಪ್ಪದ ಮರದ ಪೆಟ್ಟಿಗೆ ಬೇಕು. ಪ್ರೈಮರಿನ ಮಿತಿ 10,000. ನಿಜಕ್ಕೂ ಹೆಚ್ಚು ಭಯಪಡಬೇಕಾದದ್ದು ಈ ಪ್ರೈಮರುಗಳಿಗೇ. ಏಟು, ಬಿಸಿ, ಸ್ಥಾಯಿ ವಿದ್ಯುತ್ತಿನ ಕಿಡಿ ಯಾವುದಕ್ಕೂ ಸಿಡಿಯಬಲ್ಲ ಇವನ್ನು ಗಾಜಿನ ಸೀಸೆಗೆ ಒಟ್ಟಿಗೆ ಸುರಿದಿಟ್ಟರೆ ಒಂದು ಹೊತ್ತಿ ಎಲ್ಲವೂ ಒಟ್ಟಿಗೇ ಸಿಡಿಯುತ್ತವೆ. ಕಂಪನಿಯ ತಟ್ಟೆಗಳಲ್ಲಿ ಒಂದೊಂದಕ್ಕೂ ಬೇರೆ ಬೇರೆ ಗೂಡಿರುವುದು ಇದಕ್ಕಾಗಿಯೇ. ಊರಿನ ಅಗ್ನಿಶಾಮಕ ನಿಯಮವಾಗಲಿ ಬಾಡಿಗೆ ಕರಾರಾಗಲಿ ಇನ್ನೂ ಬಿಗಿಯಾಗಿರಬಹುದು. ಅಪಾರ್ಟ್‌ಮೆಂಟಿನವರು ಪ್ರೆಸ್ ಕೊಳ್ಳುವ ಮುಂಚೆಯೇ ಅದನ್ನು ಓದಬೇಕು. ಸಣ್ಣ ಮನೆಯಲ್ಲಿ ಒಂದೆರಡು ಪೌಂಡು ಮದ್ದು, ಸಾವಿರ ಪ್ರೈಮರು ದಂಡಿಯಾಯಿತು.

ಸೀಸದ ವಿಚಾರವನ್ನು ಹೊಸಬರು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಬರಿಗೈಯಲ್ಲಿ ಮುಟ್ಟುವ ಸೀಸದ ಗುಂಡಿಗಿಂತ ಸತ್ತ ಪ್ರೈಮರಿನ ಮಸಿಯೇ ಹೆಚ್ಚು ಕೆಡುಕು. ಬಹುತೇಕ ಪ್ರೈಮರುಗಳಲ್ಲಿ ಇರುವುದು ಲೆಡ್ ಸ್ಟಿಫ್ನೇಟ್. ಉರಿದ ಮೇಲೆ ಅದರ ಸೀಸ ನವಿರಾದ ಪುಡಿಯಾಗಿ ಕೇಸಿನೊಳಗೆ ಕೂತಿರುತ್ತದೆ. ಕೇಸುಗಳನ್ನು ಒಣ ಪುಡಿಯಲ್ಲಿ ಉರುಳಿಸಿ ತಿಕ್ಕುವ ಯಂತ್ರ ಆ ದೂಳನ್ನು ಕೋಣೆಯ ಗಾಳಿಗೆ ಬಿಡುತ್ತದೆ. ಸಣ್ಣ ಮನೆಗೆ ನೀರಿನಲ್ಲಿ ಉಕ್ಕಿನ ಸೂಜಿಗಳೊಂದಿಗೆ ತೊಳೆಯುವ ವಿಧಾನವೇ ವಾಸಿ. ಆ ನೀರು ಅಡುಗೆಮನೆಯ ಸಿಂಕಿಗೆ ಹೋಗಬಾರದು. ಕೆಲಸದ ನಡುವೆ ತಿಂಡಿ, ಕಾಫಿ ಕೂಡದು. ಮುಗಿದ ಮೇಲೆ ಸೋಪಿನಲ್ಲಿ ಕೈ ತೊಳೆದು ಬಟ್ಟೆ ಬದಲಿಸಬೇಕು. ಮಗುವಿನ ರಕ್ತದ ಪ್ರತಿ ಡೆಸಿಲೀಟರಿನಲ್ಲಿ 3.5 ಮೈಕ್ರೋಗ್ರಾಂ ಸೀಸ ಕಂಡರೂ ಗಮನಿಸಬೇಕು ಎಂದು ಅಮೆರಿಕದ ಸಿಡಿಸಿ ಸಂಸ್ಥೆ 2021ರಿಂದ ಹೇಳುತ್ತಿದೆ. ಹರಿದಾಡುವ ಮಗುವಿರುವ ಒಂದು ಕೋಣೆಯ ಮನೆಯಲ್ಲಿ ಈ ಹವ್ಯಾಸವನ್ನು ಕೆಲ ವರ್ಷ ಮುಂದೂಡುವುದೇ ವಿವೇಕ.

ದುಡ್ಡು ಉಳಿಯುತ್ತದೆಯೇ? 9 ಎಂಎಂನಂಥ ಅಗ್ಗದ ತೋಟೆಯಲ್ಲಿ ಉಳಿಯುವುದು ಅಷ್ಟಕ್ಕಷ್ಟೇ. ಅಪರೂಪದ ರೈಫಲ್ ತೋಟೆ, ದೊಡ್ಡ ರಿವಾಲ್ವರ್ ತೋಟೆಗಳಲ್ಲಿ ನಿಜವಾದ ಉಳಿತಾಯವಿದೆ. 2020 ಮತ್ತು 2021ರಲ್ಲಿ ಅಮೆರಿಕದಾದ್ಯಂತ ಪ್ರೈಮರಿಗೆ ಬರ ಬಂದಾಗ ಸಲಕರಣೆ ಇದ್ದವರೂ ಕೈಕಟ್ಟಿ ಕೂತರು. ತನ್ನ ರೈಫಲ್ಲಿಗೆ ಹೇಳಿ ಮಾಡಿಸಿದಂಥ ತೋಟೆ ಬೇಕೆನ್ನುವ ಗುರಿಕಾರರಿಗೆ ಮಾತ್ರ ದುಡ್ಡಿನ ಲೆಕ್ಕ ಎರಡನೆಯದು.

ಕಾನೂನಿನ ವಿಷಯದಲ್ಲಿ ಅಲ್ಲಿ ನೆಲೆಸಿದ ಕನ್ನಡಿಗರು ತಿಳಿದಿರಬೇಕಾದದ್ದು ಒಂದಿದೆ. ಸ್ವಂತ ಬಳಕೆಗೆ ತೋಟೆ ತುಂಬಿಕೊಳ್ಳಲು ಅಮೆರಿಕದ ಒಕ್ಕೂಟ ಸರ್ಕಾರದ ಲೈಸೆನ್ಸ್ ಬೇಡ, ಮಾರಲು ತಯಾರಿಸುವವರಿಗೆ ಬೇಕು. ಮ್ಯಾಸಚೂಸೆಟ್ಸ್‌ನಂಥ ರಾಜ್ಯಗಳಲ್ಲಿ ಬಿಡಿಭಾಗಗಳಿಗೂ ನಿರ್ಬಂಧಗಳಿವೆ. ಆದರೆ ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಬೇಟೆಯ ಲೈಸೆನ್ಸಿನಂಥ ಕೆಲವು ವಿನಾಯಿತಿ ಇಲ್ಲದೆ ಬಂದೂಕನ್ನಾಗಲಿ ತೋಟೆಯನ್ನಾಗಲಿ ಹೊಂದುವುದು ಒಕ್ಕೂಟ ಕಾನೂನಿನಡಿ ಅಪರಾಧ. ಕೇಸು, ಪ್ರೈಮರ್, ಗುಂಡು, ಮದ್ದು ಬಿಡಿಬಿಡಿಯಾಗಿದ್ದರೂ ಆ ಕಾನೂನಿನ ಪ್ರಕಾರ ಅವು ತೋಟೆಯೇ. ಗ್ರೀನ್ ಕಾರ್ಡ್ ಇದ್ದವರಿಗೆ ಈ ನಿಷೇಧವಿಲ್ಲ.

ಭಾರತದಲ್ಲಿ ಚಿತ್ರವೇ ಬೇರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ತೋಟೆ ತಯಾರಿಸುವುದಕ್ಕೂ ಪರವಾನಗಿ ಬೇಕು, ಕೋವಿ ಇಟ್ಟುಕೊಳ್ಳುವ ಲೈಸೆನ್ಸ್ ಅದಕ್ಕೆ ಸಾಲದು. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ 2029ರವರೆಗೆ ಮುಂದುವರಿದಿರುವ ವಿನಾಯಿತಿ ಕೋವಿ ಹೊಂದಲು ಮತ್ತು ಒಯ್ಯಲು ಸಂಬಂಧಿಸಿದ್ದು, ತೋಟೆ ತಯಾರಿಕೆಗಲ್ಲ. 2019ರ ತಿದ್ದುಪಡಿಯ ನಂತರ ಪರವಾನಗಿಯಿಲ್ಲದ ತಯಾರಿಕೆಗೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಸೆರೆವಾಸವಿದೆ.